ಫೋನ್ ಬದಲಾಯ್ಸಿದ್ಮೇಲೆ ಹಾಸ್ಟೆಲ್ ವೈಫೈ ಕನೆಕ್ಟ್ ಆಗ್ತಿಲ್ಲ, 'ಡೋಂಟ್ ವ್ಯಾಲಿಡೇಟ್' ಆಪ್ಷನ್ನೇ ಕಾಣ್ತಿಲ್ಲ

ಹಾಸ್ಟೆಲ್_ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮ ಹಾಸ್ಟೆಲ್ ವೈಫೈಗೆ ಯುಎಸ್‌ಎನ್ (ಯೂನಿವರ್ಸಿಟಿ ಸೀಟ್ ನಂಬರ್) ಮತ್ತೆ ಪಾಸ್‌ವರ್ಡ್ ಹಾಕಿ ಲಾಗಿನ್ ಆಗ್ಬೇಕು. ಸೀನಿಯರ್ಸ್ ಹೇಳ್ಕೊಟ್ಟಿದ್ದು ಇಷ್ಟೇ, ಲಾಗಿನ್ ವಿಧಾನ ಪೀಪ್ ಅಂತ ಸೆಲೆಕ್ಟ್ ಮಾಡು, ಸಿಎ ಸರ್ಟಿಫಿಕೇಟ್ ಅಂತಿರೋ ಕಡೆ 'ಡೋಂಟ್ ವ್ಯಾಲಿಡೇಟ್' ಕೊಡು, ಮುಗೀತು. ಹಳೇ ಫೋನಲ್ಲಿ ಎರಡು ವರ್ಷ ಹಂಗೇ ನಡೀತು. ಈಗ ಅಣ್ಣನ ಫೋನ್ ನಂಗೆ ಬಂದಿದೆ, ಆಂಡ್ರಾಯ್ಡ್ 12. ಇದ್ರಲ್ಲಿ ಆ ಆಪ್ಷನ್ನೇ ಇಲ್ಲ, 'ಸಿಸ್ಟಮ್ ಸರ್ಟಿಫಿಕೇಟ್ ಬಳಸು' ಅಂತ ಕೊಟ್ರೆ ಕೆಳಗೆ ಡೊಮೇನ್ ಕೇಳುತ್ತೆ, ಖಾಲಿ ಬಿಟ್ರೆ ಸೇವ್ ಬಟನ್ ಒತ್ತಕ್ಕೇ ಆಗಲ್ಲ. ಡೊಮೇನ್ ಅಂದ್ರೆ ಏನ್ ಹಾಕ್ಬೇಕು? ಕಾಲೇಜ್ ವೆಬ್‌ಸೈಟ್ ಹೆಸ್ರು ಹಾಕಿ ನೋಡ್ದೆ, ಆಗ್ಲಿಲ್ಲ. ರೂಮ್‌ಮೇಟ್ ಲ್ಯಾಪ್‌ಟಾಪಲ್ಲೂ ಉಬುಂಟು 20.04 ಇಂದ 22.04ಗೆ ಹೋದ್ಮೇಲೆ ಇದೇ ಕಥೆ. ಇಂಟರ್ನಲ್ಸ್ ಹತ್ರ ಬಂತು, ನೋಟ್ಸ್ ಎಲ್ಲಾ ಡ್ರೈವಲ್ಲಿದೆ, ದಯವಿಟ್ಟು ಯಾರಾದ್ರೂ ಹೇಳಿ.

ಕೆರೆಏರಿ:
ಮ್ಯಾಕ್ ಅಡ್ರೆಸ್ (ಫೋನ್ ವೈಫೈಗೆ ತೋರ್ಸೋ ಗುರುತಿನ ನಂಬರ್) ರ್‍ಯಾಂಡಮ್ ಇರ್ಬೋದು ನೋಡಿ ಬ್ರೋ, ಆಂಡ್ರಾಯ್ಡ್ 10 ಇಂದ ಡೀಫಾಲ್ಟ್ ಹಂಗೇ ಬರುತ್ತೆ. ಫೋನ್ ಮ್ಯಾಕ್ ಅಂತ ಬದಲಾಯ್ಸಿ ಟ್ರೈ ಮಾಡಿ.

ನೆಟ್‌ವರ್ಕ್_ಮಾವ:
ಇದು ಮ್ಯಾಕ್ ವಿಷ್ಯ ಅಲ್ಲ. ಆ ಆಪ್ಷನ್ನನ್ನ ಗೂಗಲ್‌ನವರೇ ತೆಗೆದಿದ್ದು, ಪಿಕ್ಸೆಲ್ ಫೋನುಗಳಲ್ಲಿ 2020ರ ಡಿಸೆಂಬರ್ ಅಪ್‌ಡೇಟಲ್ಲಿ ಹೋಯ್ತು, ಬೇರೆ ಕೆಲವು ಕಂಪನಿಯವ್ರು ಇನ್ನೂ ಸ್ವಲ್ಪ ದಿನ ಇಟ್ಕೊಂಡಿದ್ರು. ಅಪ್‌ಡೇಟ್‌ಗೆ ಮುಂಚೆ ಸೇವ್ ಆಗಿದ್ದ ನೆಟ್‌ವರ್ಕ್ ನಡೀತಾನೇ ಇರುತ್ತೆ, ಅದಕ್ಕೇ ಯಾರೂ 'ಫರ್ಗೆಟ್' ಮಾಡೋ ತನಕ ಗೊತ್ತಾಗಲ್ಲ.

ತೆಗೆದಿದ್ದು ಒಳ್ಳೇದೇ ತಮ್ಮಾ, ಯಾಕೆ ಅಂತ ಹೇಳ್ತೀನಿ. ವ್ಯಾಲಿಡೇಟ್ ಮಾಡ್ಬೇಡ ಅಂದ್ರೆ, ಎದುರಿಗಿರೋದು ಕಾಲೇಜ್ ಸರ್ವರ್ ಹೌದೋ ಅಲ್ವೋ ಕೇಳ್ಬೇಡ ಅಂತ ಅರ್ಥ. ಯಾರೋ ಬಸ್‌ಸ್ಟ್ಯಾಂಡಲ್ಲಿ ನಿಮ್ಮ ವೈಫೈ ಹೆಸ್ರೇ ಇಟ್ಟು ಒಂದು ಲ್ಯಾಪ್‌ಟಾಪ್ ಹಚ್ಕೊಂಡು ಕೂತ್ರೆ ಸಾಕು, ಜೇಬಲ್ಲಿರೋ ಫೋನ್ ತಾನಾಗೇ ಹೋಗಿ ಲಾಗಿನ್ ಆಗಕ್ಕೆ ನೋಡುತ್ತೆ. ಟಿಟಿಎಲ್‌ಎಸ್ ಅನ್ನೋ ಇನ್ನೊಂದು ಲಾಗಿನ್ ವಿಧಾನದ ಜೊತೆ ಪ್ಯಾಪ್ (ಪಾಸ್‌ವರ್ಡನ್ನ ಹಾಗೇ ಕಳ್ಸೋ ಪದ್ಧತಿ) ಇದ್ರೆ ಪಾಸ್‌ವರ್ಡ್ ಇದ್ದ ಹಾಗೇ ಅವನ ಕೈಗೆ. ಪೀಪ್ ಒಳಗಿನ ಎಂಎಸ್‌ಚಾಪ್ ವಿ2 ಅನ್ನೋ ಪಾಸ್‌ವರ್ಡ್ ಪರೀಕ್ಷೆ ಪದ್ಧತಿ ಆದ್ರೂ ಅಷ್ಟೇ, ಅದನ್ನ ಮುರಿಯೋದು ಡಿಇಎಸ್ ಅನ್ನೋ ಹಳೇ ಗೂಢಲಿಪಿಯ ಒಂದೇ ಒಂದು 56 ಬಿಟ್ ಕೀ ಹುಡುಕೋ ಕೆಲಸ ಅಂತ 2012ರ ಡೆಫ್‌ಕಾನ್ ಹ್ಯಾಕರ್ ಸಮ್ಮೇಳನದಲ್ಲೇ ತೋರ್ಸಿದ್ರು. ರಿಸಲ್ಟ್ ಪೋರ್ಟಲ್‌ಗೂ ಅದೇ ಪಾಸ್‌ವರ್ಡ್ ಇದ್ರೆ ಇನ್ನೇನು ಉಳೀತು.

ಆದ್ರೆ ಆಂಡ್ರಾಯ್ಡ್ ಮೇಲೂ ನಂಗೆ ಸಿಟ್ಟಿದೆ. ಐಫೋನ್ ಆದ್ರೆ ಮೊದಲ ಸಲ ಸರ್ಟಿಫಿಕೇಟ್ ತೋರ್ಸಿ ನಂಬ್ತೀಯಾ ಅಂತ ಕೇಳುತ್ತೆ, ವಿಂಡೋಸೂ ಕೇಳುತ್ತೆ. ನಿಮ್ಮ 12ರಲ್ಲಿ ಅದೇನೂ ಇಲ್ಲ, ಸುಮ್ನೆ ಡೊಮೇನ್ ಹಾಕು ಅಂತ ಒಂದು ಖಾಲಿ ಡಬ್ಬಿ ಕೊಟ್ಟು ಕೂತ್ಕೊಳುತ್ತೆ. ಆ ಥರ ತೋರ್ಸಿ ಕೇಳೋದು ಆಂಡ್ರಾಯ್ಡ್ 13ಕ್ಕೆ ಬಂತು.

ಈಗ ಮಾಡ್ಬೇಕಾಗಿದ್ದು: ಲ್ಯಾಬ್‌ಗೆ ಹೋಗಿ ಸಿಸ್ಟಮ್ ಅಡ್ಮಿನ್ ಸರ್ ಹತ್ರ ರೇಡಿಯಸ್ ಸರ್ವರ್ (ವೈಫೈ ಲಾಗಿನ್ ಪರೀಕ್ಷಿಸೋ ಸರ್ವರ್) ಸರ್ಟಿಫಿಕೇಟಲ್ಲಿರೋ ಹೆಸ್ರು ಕೇಳಿ, ಡೊಮೇನ್ ಅಂದ್ರೆ ಅದು, ವೆಬ್‌ಸೈಟ್ ಹೆಸ್ರೇ ಆಗ್ಬೇಕು ಅಂತೇನಿಲ್ಲ. ಕಾಲೇಜಿನವ್ರೇ ಮಾಡ್ಕೊಂಡ ಸರ್ಟಿಫಿಕೇಟ್ ಆಗಿದ್ರೆ ಅವರ ಸಿಎ ಫೈಲೂ (ಆ ಸರ್ಟಿಫಿಕೇಟ್ ಅಸಲಿ ಅಂತ ಪರೀಕ್ಷಿಸೋಕೆ ಬೇಕಾದ ಫೈಲ್) ಇಸ್ಕೊಳ್ಳಿ. ಸೆಟ್ಟಿಂಗ್ಸಲ್ಲಿ ಸೆಕ್ಯೂರಿಟಿ ಒಳಗೆ 'ಇನ್‌ಸ್ಟಾಲ್ ಸರ್ಟಿಫಿಕೇಟ್' ಅಂತ ಸಿಗುತ್ತೆ, ಅಲ್ಲಿ ವೈಫೈ ಸರ್ಟಿಫಿಕೇಟ್ ಅನ್ನೋದನ್ನೇ ಆರಿಸ್ಬೇಕು.

ಲಿನಕ್ಸ್‌ಪ್ರಿಯೆ:
ಉಬುಂಟುದು ಬೇರೆ ಕಾರಣ. 22.04ರಲ್ಲಿ ಓಪನ್‌ಎಸ್‌ಎಸ್‌ಎಲ್ 3 (ಗೂಢಲಿಪಿ ಸಂಪರ್ಕ ನೋಡ್ಕೊಳ್ಳೋ ಸಾಫ್ಟ್‌ವೇರ್) ಬಂದಿದೆ, ಅದು ಹಳೇ ಅಸುರಕ್ಷಿತ ರೀನೆಗೋಷಿಯೇಷನ್ (ಸಂಪರ್ಕದ ಮಧ್ಯೆ ಮತ್ತೆ ಕೀ ಮಾತುಕತೆ ಮಾಡೋದು) ಒಪ್ಪಲ್ಲ, ಗೂಢಲಿಪಿ ಸಂಪರ್ಕದ ಹಳೇ ಆವೃತ್ತಿ ಟಿಎಲ್‌ಎಸ್ 1.0ನೂ ಡೀಫಾಲ್ಟ್ ಆಗಿ ಬಿಡಲ್ಲ. ಡಬ್ಲ್ಯೂಪಿಎ ಸಪ್ಲಿಕೆಂಟ್ (ಲಿನಕ್ಸಲ್ಲಿ ವೈಫೈಗೆ ಲಾಗಿನ್ ಮಾಡ್ಸೋ ಪ್ರೋಗ್ರಾಮ್) ಲಾಗ್ ತೆಗೆದು ನೋಡೋಕೆ ಹೇಳಿ, 'ಅನ್‌ಸೇಫ್ ಲೆಗಸಿ ರೀನೆಗೋಷಿಯೇಷನ್ ಡಿಸೇಬಲ್ಡ್' ಅಂತಿದ್ರೆ ತಪ್ಪು ಸರ್ವರ್‌ದು. ಕಾನ್ಫಿಗ್ ಸಡಿಲ ಮಾಡೋ ಟ್ರಿಕ್ ನೆಟ್ಟಲ್ಲಿ ಸಿಗುತ್ತೆ, ನಾನಂತೂ ಹೇಳ್ಕೊಡಲ್ಲ, ಸರ್ವರ್ ಅಪ್‌ಡೇಟ್ ಮಾಡ್ಸೋದೇ ಸರಿ.

ಹಳೇ_ಲ್ಯಾಬ್:
ಈ ಗೋಳು ಹೊಸದಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಸರ್ವಿಸ್ ಪ್ಯಾಕ್ 2 ಇದ್ದೋರಿಗೆ ವೈಫೈ ಭದ್ರತೆಯ ಡಬ್ಲ್ಯೂಪಿಎ2ಗೇ ಬೇರೆ ಪ್ಯಾಚ್ ಹಾಕ್ಬೇಕಿತ್ತು, 2008ರಲ್ಲಿ ಸರ್ವಿಸ್ ಪ್ಯಾಕ್ 3 ಬಂದ್ಮೇಲೆ ಅದ್ರೊಳಗೇ ಬಂತು. ವಿಂಡೋಸ್ 7ರಲ್ಲಿ ಟಿಟಿಎಲ್‌ಎಸ್ಸೇ ಇರ್ಲಿಲ್ಲ, 8ರಲ್ಲಿ ಕೊಟ್ರು. ಪೆನ್‌ಡ್ರೈವಲ್ಲಿ ಸಾಫ್ಟ್‌ವೇರ್ ಇಟ್ಕೊಂಡು ಒಂದೊಂದೇ ಲ್ಯಾಪ್‌ಟಾಪ್‌ಗೆ ಹಾಕ್ತಾ ಅಡ್ಮಿಷನ್ ವಾರ ಪೂರ್ತಿ ಲ್ಯಾಬಲ್ಲೇ ಊಟ ಮಾಡಿದೀನಿ.

ಹಾಸ್ಟೆಲ್_ಹುಡುಗ:
ಮಾವ, ಆಯ್ತು! ಸರ್ ಒಂದು ಸಿಆರ್‌ಟಿ (ಸರ್ಟಿಫಿಕೇಟ್) ಫೈಲ್ ಕೊಟ್ರು, ಡೊಮೇನ್ ಚೀಟೀಲಿ ಬರ್ದುಕೊಟ್ರು, ನೋಡಿದ್ರೆ ವೆಬ್‌ಸೈಟ್‌ಗೂ ಅದಕ್ಕೂ ಸಂಬಂಧಾನೇ ಇಲ್ಲ. ಹಾಕಿದ ತಕ್ಷಣ ಕನೆಕ್ಟ್ ಆಯ್ತು. ಇಷ್ಟು ದಿನ ಯಾಕೆ ಯಾರಿಗೂ ಕೊಟ್ಟಿರ್ಲಿಲ್ಲ ಅಂದ್ರೆ ಯಾರೂ ಕೇಳೇ ಇರ್ಲಿಲ್ವಂತೆ. ನಾನೇ ಎರಡನ್ನೂ ಪ್ರಿಂಟ್ ಹಾಕಿ ಮೆಸ್ ಬಾಗಿಲ ಹತ್ರ ಅಂಟಿಸ್ತೀನಿ ಅಂದಿದೀನಿ, ಫೈಲ್‌ಗೆ ಕ್ಯೂಆರ್ ಮಾಡ್ಕೊಡ್ತೀನಿ ಅಂದ್ರು. ಪಾಸ್‌ವರ್ಡೂ ಬದಲಾಯ್ಸಿದೆ. ಲಿನಕ್ಸ್‌ಪ್ರಿಯೆ ಅಕ್ಕ, ಲಾಗಲ್ಲಿ ನೀವು ಹೇಳಿದ ಸಾಲೇ ಬಂತು, ಸರ್ವರ್ ಅಪ್‌ಡೇಟ್ ಸೆಮಿಸ್ಟರ್ ರಜೇಲಿ ಅಂತೆ, ಅಲ್ಲೀವರೆಗೂ ರೂಮ್‌ಮೇಟ್‌ಗೆ ನನ್ನ ಫೋನಿಂದ ಯುಎಸ್‌ಬಿ ಕೇಬಲಲ್ಲಿ ನೆಟ್ ಕೊಡ್ತಿದೀನಿ.