ಮಾನಿಟರ್ ನೋಡಿ ನೋಡಿ ಕಣ್ಣು ಉರಿಯುತ್ತದೆ, ಸೆಟ್ಟಿಂಗ್ ಹೇಗೆ ಇಟ್ಟುಕೊಳ್ಳಬೇಕು?

ಪ್ರಶ್ನೆ (ರಾಯಚೂರು):
ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ ಇದೆ. ಅರ್ಜಿ, ಬಾಂಡ್ ಪೇಪರ್, ಲಗ್ನಪತ್ರಿಕೆ ಅಂತ ದಿನವಿಡೀ ನುಡಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪಿಂಗ್. ಮಧ್ಯಾಹ್ನ ದಾಟಿದರೆ ಸಾಕು, ಕಣ್ಣು ಉರಿ ಶುರು. ಸಂಜೆಗೆ ಹಣೆ ಸಿಡಿಯುತ್ತದೆ. ಒತ್ತು ಸರಿಯಾಗಿ ಬಿದ್ದಿದೆಯಾ ಅಂತ ನೋಡಲು ಪ್ರತಿ ಸಲ ಮುಂದಕ್ಕೆ ಬಗ್ಗಬೇಕು. ಕಣ್ಣಿನ ಡಾಕ್ಟರಿಗೆ ತೋರಿಸಿದೆ, ನಂಬರ್ ಬದಲಾಗಿಲ್ಲ ಅಂದರು. ಮಾನಿಟರ್ 22 ಇಂಚಿನದು, ಕಂಪ್ಯೂಟರಿಗೆ ಜೋಡಿಸಿರುವುದು ಹಳೇ ಥರದ ವಿಜಿಎ ಕೇಬಲ್. ಬ್ರೈಟ್‌ನೆಸ್ 100ರಲ್ಲೇ ಇದೆ, ಯಾಕಂದರೆ ಬಾಗಿಲು ನನ್ನ ಬೆನ್ನ ಹಿಂದೆ, ಇಳಿಬಿಸಿಲು ನೇರ ಸ್ಕ್ರೀನಿಗೆ ಹೊಡೆಯುತ್ತದೆ, ಕಡಿಮೆ ಮಾಡಿದರೆ ಏನೂ ಕಾಣುವುದಿಲ್ಲ. ನೀಲಿ ಬೆಳಕು ತಡೆಯುವ ಬ್ಲೂ ಕಟ್ ಕನ್ನಡಕ ತಗೋ ಅಂತ ಎಲ್ಲರೂ ಹೇಳುತ್ತಿದ್ದಾರೆ. ತಗೊಳ್ಳಲಾ?

ಉತ್ತರ (ಬಳ್ಳಾರಿ, ಕಂಪ್ಯೂಟರ್ ರಿಪೇರಿ):
ಅಣ್ಣ, ಕನ್ನಡಕ ಆಮೇಲೆ, ಮೊದಲು ಟೇಬಲ್ ತಿರುಗಿಸಿ. ಬಾಗಿಲ ಬೆಳಕು ಪಕ್ಕದಿಂದ ಬರಬೇಕು. ಬೆನ್ನ ಹಿಂದಿದ್ದರೆ ಸ್ಕ್ರೀನಿನಲ್ಲಿ ಹೊಳೆಯುತ್ತದೆ, ಎದುರಿಗಿದ್ದರೆ ಕಣ್ಣಿಗೇ ಹೊಡೆಯುತ್ತದೆ. ಜಾಗ ಇಲ್ಲ ಅಂದರೆ ದಪ್ಪ ಪರದೆಯಾದರೂ ಕಟ್ಟಿ. ನಮ್ಮ ಕಡೆಯ ಬಿಸಿಲಿನ ಜೊತೆ ಪೈಪೋಟಿಗೆ ಇಳಿದರೆ ಯಾವ ಮಾನಿಟರೂ ಗೆಲ್ಲಲ್ಲ.

ಆಮೇಲೆ ಒಂದು ಖಾಲಿ ಎ4 ಹಾಳೆ ಸ್ಕ್ರೀನಿನ ಪಕ್ಕ ಹಿಡಿದುಕೊಂಡು, ವರ್ಡ್‌ನಲ್ಲಿ ಖಾಲಿ ಪೇಜ್ ತೆಗೆಯಿರಿ. ಸ್ಕ್ರೀನು ಹಾಳೆಗಿಂತ ಬೆಳ್ಳಗೆ ಟ್ಯೂಬ್‌ಲೈಟ್ ಥರ ಉರಿಯುತ್ತಿದ್ದರೆ ಬ್ರೈಟ್‌ನೆಸ್ ಇಳಿಸಿ, ಮಂಕಾಗಿದ್ದರೆ ಏರಿಸಿ. ಎರಡೂ ಒಂದೇ ಥರ ಕಂಡಲ್ಲಿ ನಿಲ್ಲಿಸಿ. ಇಂತಿಷ್ಟೇ ಅಂತ ನಂಬರ್ ಹೇಳಲು ಬರಲ್ಲ, ಮಧ್ಯಾಹ್ನಕ್ಕೊಂದು ರಾತ್ರಿಗೊಂದು ಬೇಕಾಗುತ್ತದೆ. ಮಾನಿಟರಿನ ಮೆನುವಿನಲ್ಲಿ ಡೈನಾಮಿಕ್ ಕಾಂಟ್ರಾಸ್ಟ್ ಆನ್ ಇದ್ದರೆ ಆಫ್ ಮಾಡಿ, ಅದು ಸ್ಕ್ರೀನಿನಲ್ಲಿ ವಿಂಡೋ ಬದಲಾಯಿಸಿದ ಹಾಗೆಲ್ಲ ಬೆಳಕನ್ನು ತಾನೇ ಏರಿಳಿಸುತ್ತದೆ.

ಇನ್ನು ಆ ವಿಜಿಎ. ಅದರಲ್ಲಿ ಅಕ್ಷರದ ಅಂಚು ಮಸುಕಾಗುವುದು ಜಾಸ್ತಿ, ಕಣ್ಣು ಸುಮ್ನೆ ಫೋಕಸ್ ಮಾಡಲು ಒದ್ದಾಡುತ್ತದೆ. ಎರಡೂ ಕಡೆ ಎಚ್‌ಡಿಎಂಐ ಇದ್ದರೆ ಆ ಕೇಬಲ್ ಹಾಕಿ. ಇಲ್ಲದಿದ್ದರೆ ಮಾನಿಟರಿನ ಆಟೋ ಬಟನ್ ಒತ್ತಿ, ಅಕ್ಷರ ತಕ್ಕ ಮಟ್ಟಿಗೆ ಚೂಪಾಗುತ್ತದೆ. ರೆಸಲ್ಯೂಷನ್ ಮಾತ್ರ ವಿಂಡೋಸ್ ರೆಕಮೆಂಡೆಡ್ ಅಂತ ತೋರಿಸುವುದೇ ಇರಲಿ. ಅಕ್ಷರ ದೊಡ್ಡದಾಗಲಿ ಅಂತ ಅದನ್ನು ಇಳಿಸುವವರು ತುಂಬಾ ಜನ, ಅಲ್ಲೇ ಎಲ್ಲ ಮಸುಕಾಗುವುದು.

ಉತ್ತರ (ಕೊಪ್ಪಳ):
ಮೇಲಿನವರು ಹೇಳಿದ್ದು ಸರಿ. ಅಕ್ಷರ ದೊಡ್ಡದು ಮಾಡಲು ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸ್ಕೇಲ್ 125% ಇಡಿ, ವರ್ಡ್‌ನಲ್ಲಿ ಜೂಮ್ 150%. ಪ್ರಿಂಟಿನ ಸೈಜಿಗೆ ಏನೂ ಆಗಲ್ಲ. ಇಂಗ್ಲಿಷಿಗೆ ಸಾಕಾಗುವ ಸೈಜು ಕನ್ನಡಕ್ಕೆ ಸಾಲದು. 'ಸ್ತ್ರೀ' ಟೈಪ್ ಮಾಡಿ ನೋಡಿ, ತವತ್ತು, ರವತ್ತು ಎಲ್ಲ ಕೆಳಗೆ ಎಷ್ಟು ಚಿಕ್ಕದಾಗಿ ಕೂತಿರುತ್ತವೆ ಅಂತ! ಬಗ್ಗಿ ನೋಡುವುದು ಅದಕ್ಕೇ.

ಕೂಲರ್ ಮುಖಕ್ಕೆ ನೇರ ಬೀಸುತ್ತಿದೆಯಾ? ಇದ್ದರೆ ಇವತ್ತೇ ತಿರುಗಿಸಿ. ಸ್ಕ್ರೀನ್ ನೋಡುವಾಗ ರೆಪ್ಪೆ ಬಡಿಯುವುದೇ ಕಡಿಮೆ ಆಗುತ್ತದೆ, ಅದರ ಮೇಲೆ ಗಾಳಿ ಬಡಿದರೆ ಕಣ್ಣು ಒಣಗಿ ಉರಿಯದೆ ಇನ್ನೇನು? ಸ್ಕ್ರೀನ್ ಒಂದು ತೋಳಿನಷ್ಟು ದೂರ ಇರಲಿ, ಮೇಲಿನ ಅಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆ ಏನನ್ನಾದರೂ 20 ಸೆಕೆಂಡ್ ನೋಡಿ. ಅಂಗಡಿ ಬಾಗಿಲಾಚೆ ರಸ್ತೆ ಇದ್ದೇ ಇರುತ್ತದಲ್ಲ.

ಬ್ಲೂ ಕಟ್‌ಗೆ ದುಡ್ಡು ಹಾಕಬೇಡಿ ಅಂತಲೇ ನಾನು ಹೇಳುವುದು. ಕಂಪ್ಯೂಟರ್ ಕೆಲಸಕ್ಕೆ ಅದು ಬೇಕು ಅಂತ ಅಮೆರಿಕದ ನೇತ್ರತಜ್ಞರ ಅಕಾಡೆಮಿಯೂ ಶಿಫಾರಸು ಮಾಡುವುದಿಲ್ಲ. ಸಂಜೆ ಮೇಲೆ ವಿಂಡೋಸಿನ ನೈಟ್ ಲೈಟ್ ಆನ್ ಮಾಡಿಕೊಂಡರೆ ಸ್ಕ್ರೀನ್ ಹಳದಿಗೆ ತಿರುಗುತ್ತದೆ, ಹಿತ ಅನಿಸಿದರೆ ಇಟ್ಟುಕೊಳ್ಳಿ. ಲಗ್ನಪತ್ರಿಕೆಯ ಬಣ್ಣ ನೋಡುವಾಗ ಮಾತ್ರ ಆಫ್ ಮಾಡಿ.

ರಾಯಚೂರು:
ಟೇಬಲ್ ತಿರುಗಿಸಿದೆ, ಸ್ಕೇಲ್ ಮಾಡಿದೆ, ಬಗ್ಗುವುದು ನಿಂತಿತು. ತುಂಬಾ ಉಪಕಾರವಾಯಿತು. ಆದರೆ ರಾತ್ರಿ ಬ್ರೈಟ್‌ನೆಸ್ 20ಕ್ಕೆ ಇಳಿಸಿದರೆ ತಲೆನೋವು ಜಾಸ್ತಿ ಆಗುತ್ತಿದೆ. ಹೀಗೂ ಆಗುತ್ತದಾ?

ಬಳ್ಳಾರಿ:
ಆಗುತ್ತದೆ. ಕೆಲವು ಮಾನಿಟರುಗಳು ಬೆಳಕು ಕಡಿಮೆ ಮಾಡಲು ಹಿಂದಿನ ಎಲ್‌ಇಡಿಯನ್ನು ಬಹಳ ವೇಗವಾಗಿ ಆನ್ ಆಫ್ ಮಾಡುತ್ತವೆ. ಬರಿಗಣ್ಣಿಗೆ ಗೊತ್ತಾಗಲ್ಲ, ಕೆಲವರಿಗೆ ತಲೆನೋವು ಬರುತ್ತದೆ. ಬಿಳಿ ಪೇಜ್ ತೆಗೆದು ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. 20ರಲ್ಲಿ ಕಪ್ಪು ಪಟ್ಟಿ ಓಡಿ, 100ರಲ್ಲಿ ಓಡದಿದ್ದರೆ ಅದೇ ಕಾರಣ ಇರಬಹುದು. ಪಟ್ಟಿ ಮಾಯವಾಗುವಷ್ಟು ಬ್ರೈಟ್‌ನೆಸ್ ಏರಿಸಿ, ಕಾಂಟ್ರಾಸ್ಟ್ ಸ್ವಲ್ಪ ಇಳಿಸಿ, ರೂಮಿನ ಲೈಟ್ ಹಾಕಿಕೊಂಡೇ ಕೆಲಸ ಮಾಡಿ. ಮುಂದೆ ಹೊಸದು ತಗೊಳ್ಳುವಾಗ ಫ್ಲಿಕರ್ ಫ್ರೀ (ಬೆಳಕು ಮಿಟುಕದ್ದು) ಅಂತ ಬರೆದಿರುವುದನ್ನೇ ಕೇಳಿ.