ಅಪ್‌ಡೇಟ್: ಟೊಲೆಡೊಗೆ ಹೋಗಿ ಬಂದ್ವಿ

ಮ್ಯಾಡ್ರಿಡ್‌ನಿಂದ ನಮ್ಮ ಕ್ಲಾಸಿನ ಹನ್ನೆರಡು ಜನ ಒಂದೇ ದಿನದಲ್ಲಿ ಸ್ಪೇನಿನ ಹಳೇ ಊರು ಟೊಲೆಡೊ ನೋಡಿ ಅಲ್ಲಿನ ಊಟನೂ ಮಾಡಕ್ಕಾಗತ್ತಾ ಅಂತ ಹೋದ ವಾರ ಕೇಳಿದ್ನಲ್ಲ, ಆಯ್ತು! ಅಟೋಚಾ ಸ್ಟೇಷನ್ನಿಂದ ಟ್ರೈನಲ್ಲಿ ಅರ್ಧ ಗಂಟೆ ಅಷ್ಟೇ. ಸಾಂತಾ ಮರಿಯಾ ಲಾ ಬ್ಲಾಂಕಾ ಅನ್ನೋ ಹಳೇ ಕಟ್ಟಡ ನೋಡಿ ನಾನಂತೂ ನಿಂತೇಬಿಟ್ಟೆ, ಹೆಸರು ಚರ್ಚಿನದು, ಆದ್ರೆ ಮೊದ್ಲು ಕಟ್ಟಿದ್ದು ಯಹೂದಿಗಳ ಪ್ರಾರ್ಥನಾ ಮಂದಿರ ಆಗಿ, ಒಳಗೆ ಬಿಳಿ ಕಂಬಗಳ ಮೇಲೆ ಕುದುರೆ ಲಾಳದ ಥರ ಕಮಾನು, ಅದು ಮುಸ್ಲಿಂ ಶೈಲಿ, ಮೂರೂ ಧರ್ಮ ಒಂದೇ ಗೋಡೆಯೊಳಗೆ. 1492ರಲ್ಲಿ ಅದೇ ಯಹೂದಿಗಳನ್ನ ದೇಶದಿಂದಲೇ ಓಡಿಸಿದ್ರು ಅಂತ ನೆನೆಸ್ಕೊಂಡು ತುಂಬಾ ಸಂಕಟ ಆಯ್ತು.

ಊಟಕ್ಕೆ ಕಾರ್ಕಮುಸಾಸ್, ಟೊಮ್ಯಾಟೊ ಬಟಾಣಿ ಹಾಕಿ ಬೇಯಿಸಿದ ಹಂದಿಮಾಂಸ, ಸೂಪರ್. ವೆಜ್‌ನವ್ರು ಪಿಸ್ತೊ, ಅಂದ್ರೆ ಅಲ್ಲಿನ ತರಕಾರಿ ಪಲ್ಯ, ತಗೊಳ್ಳಿ, ಮೊಟ್ಟೆ ಬೇಡ ಅಂತ ಮೊದ್ಲೇ ಹೇಳಿ. ಅಲ್ಲಿನ ಮಾರ್ಜಿಪಾನ್ ಬರೀ ಬಾದಾಮಿ ಸಕ್ಕರೆದು, ನಮ್ಮ ಬಾದಾಮಿ ಬರ್ಫಿ ನೆನಪಾಯ್ತು. ಏರು ಜಾಸ್ತಿ, ಒಳ್ಳೆ ಶೂ ಹಾಕ್ಕೊಳ್ಳಿ ಅಂದಿದ್ದೋರಿಗೆ ಥ್ಯಾಂಕ್ಸ್!