ಅಪ್‌ಡೇಟ್: ಕೊನೆಗೂ ಕೋಳಿ ಭ್ರೂಣವನ್ನೇ ಆರಿಸಿಕೊಂಡೆ

ಪಿಎಚ್‌ಡಿಗೆ ಭ್ರೂಣ ಬೆಳವಣಿಗೆಯ ವಿಷಯ ತಗೊಳ್ತಿದೀನಿ, ಜೀಬ್ರಾಫಿಶ್ ಒಳ್ಳೇದೋ ಕೋಳಿಮೊಟ್ಟೆಯೋ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. "ಪ್ರಾಣಿ ಆಮೇಲೆ, ಮೊದಲು ಪ್ರಶ್ನೆ ಗಟ್ಟಿ ಮಾಡ್ಕೊಳ್ಳಿ" ಅಂದವರ ಮಾತು ತುಂಬಾ ಕೆಲಸಕ್ಕೆ ಬಂತು.

ಪ್ರಶ್ನೆ ಈಗ ಇದು: ಬೆನ್ನುಮೂಳೆಗೆ ಮೂಲವಾಗುವ ಸೋಮೈಟ್‌ಗಳು (ಭ್ರೂಣದಲ್ಲಿ ಜೋಡಿಜೋಡಿಯಾಗಿ ಮೂಡೋ ಅಂಗಾಂಶದ ಉಂಡೆಗಳು) ಅಷ್ಟು ಕರಾರುವಾಕ್ಕಾಗಿ ಹೇಗೆ ಮೂಡ್ತವೆ? ಜೀಬ್ರಾಫಿಶ್‌ನಲ್ಲಿ ಸುಮಾರು 30 ನಿಮಿಷಕ್ಕೊಂದು ಜೊತೆ, ಕೋಳಿಯಲ್ಲಿ 90 ನಿಮಿಷಕ್ಕೆ, ಇಲಿಯಲ್ಲಿ ಹೆಚ್ಚುಕಮ್ಮಿ 2 ಗಂಟೆಗೆ. ಜೀವಕೋಶಗಳೊಳಗೆ ಕೆಲವು ಜೀನ್‌ಗಳು ಲಯಬದ್ಧವಾಗಿ ಆನ್-ಆಫ್ ಆಗೋದನ್ನ 1997ರಲ್ಲಿ ಮೊದಲು ತೋರಿಸಿದ್ದು ಕೋಳಿ ಭ್ರೂಣದಲ್ಲೇ. ಸೋಮೈಟ್ ಮೂಡೋ ಹೊತ್ತಿಗೆ ತಾಳ ಹಾಕೋ ಇಂಥ ಗಡಿಯಾರ ಈ ಮೂರೂ ಪ್ರಾಣಿಗಳಲ್ಲಿ ಇದ್ದರೂ ವೇಗ ಮಾತ್ರ ಯಾಕೆ ಬೇರೆ? ನನ್ನನ್ನ ಹಿಡಿದಿಟ್ಟಿರೋದು ಇದೇ.

ಮೀನಿನ ಭ್ರೂಣ ಪಾರದರ್ಶಕ, ನೋಡೋಕೆ ಸುಲಭ, ನಿಜ. ಆದರೆ ಮೊಟ್ಟೆಯ ಚಿಪ್ಪಿನಲ್ಲಿ ಕಿಟಕಿ ಕೊರೆದು, ಭ್ರೂಣದ ಅಡಿಗೆ ಚೂರು ಕಪ್ಪು ಇಂಕ್ ಬಿಟ್ಟಾಗ, ನರನಾಳದ (ಮುಂದೆ ಮೆದುಳು, ಬೆನ್ನುಹುರಿ ಆಗೋ ಕೊಳವೆ) ಎರಡೂ ಪಕ್ಕ ಜೋಡಿಸಿಟ್ಟ ಇಟ್ಟಿಗೆಗಳ ಹಾಗೆ ಸೋಮೈಟ್‌ಗಳು ಎದ್ದು ಕಾಣ್ತವೆ. ಅಂಗಾಂಶ ಕತ್ತರಿಸಿ ಬೇರೆ ಕಡೆ ಕೂರಿಸೋದಕ್ಕೂ ಕೋಳಿ ಭ್ರೂಣ ಬಹಳ ಅನುಕೂಲ. ಜೀನ್ ತಿದ್ದಿದ ತಳಿಗಳು ಮೀನಿನಲ್ಲಿ ಸಿಗೋಷ್ಟು ಇಲ್ಲಿ ಸಿಗಲ್ಲ, ಅದಕ್ಕೇ ಎಲೆಕ್ಟ್ರೊಪೊರೇಶನ್ (ವಿದ್ಯುತ್ ಮಿಡಿತ ಕೊಟ್ಟು ಜೀವಕೋಶದೊಳಗೆ ಡಿಎನ್‌ಎ ಸೇರಿಸೋ ವಿಧಾನ) ಕಲೀತಿದೀನಿ. ಗೈಡ್ ಒಪ್ಪಿದ್ದಾರೆ, ಸಿನಾಪ್ಸಿಸ್ ಬರೆಯೋದು ಬಾಕಿ.